ಒಡೆದುಹೋದ ಹೆಲ್ಮೆಟ್ಟಿಗೆ ಐದಕ್ಕೆ ನಾಲ್ಕೂವರೆ ಅಂಕ

ಸೈಕಲ್ ಹೆಲ್ಮೆಟ್ಟಿನ ಬಗ್ಗೆ ಬರೆಯುವವರು ಹೆಚ್ಚಾಗಿ ಅದರ ಬಣ್ಣ ಚೆನ್ನಾಗಿದೆ, ಹಗುರವಾಗಿದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಬರೆದು ಮುಗಿಸುತ್ತಾರೆ. ಅದು ಯಾವ ಕೆಲಸಕ್ಕೆಂದು ಹುಟ್ಟಿತೋ ಆ ಕೆಲಸವನ್ನು ಮಾಡಿದ್ದನ್ನು ಕಣ್ಣಾರೆ ಕಂಡವರು ಕಡಿಮೆ. ನಾನು ಕಂಡಿದ್ದೇನೆ. ಕಳೆದ ಮಾರ್ಚ್‌ನಲ್ಲಿ, ಶಿರಸಿ ಹತ್ತಿರದ ಭೈರುಂಬೆಯ ಒಳರಸ್ತೆಯ ಇಳುಕಲಿನಲ್ಲಿ, ನನ್ನ ಮಗಳ ತಲೆಗೂ ಮೋರಿಯ ಕಾಂಕ್ರೀಟ್ ಕಟ್ಟೆಗೂ ನಡುವೆ ಇದ್ದದ್ದು ಈ ಹೆಲ್ಮೆಟ್ ಒಂದೇ. ಹಾಗಾಗಿ ಇದನ್ನು ಬರೆಯುವುದು ನನ್ನ ಮೇಲಿರುವ ಋಣ ಎಂದುಕೊಂಡಿದ್ದೇನೆ.

ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಬರೆದರೆ ಓದಿದವರು ಅದೇ ಹೆಸರು ಹುಡುಕಿಕೊಂಡು ಹೋಗಿ, ತಲೆಗೆ ಹೊಂದದ ಅಳತೆಯನ್ನು ತಂದುಬಿಡುತ್ತಾರೆ. ಒಳಗಡೆ ಅಂಟಿಸಿದ ಚೀಟಿಯಲ್ಲಿ ‘ಇಎನ್ 1078’ ಎಂಬ ಯುರೋಪಿನ ಸುರಕ್ಷತಾ ಮಾನದಂಡದ ಗುರುತು ಇದೆಯೇ, ತಲೆಗೆ ಸರಿಯಾಗಿ ಕೂರುತ್ತದೆಯೇ, ಇವೆರಡನ್ನು ನೋಡಿದರೆ ಯಾವ ಕಂಪನಿಯಾದರೂ ಆದೀತು. ನಮ್ಮದು ಸಾವಿರದ ಇನ್ನೂರು ರೂಪಾಯಿಯ ಸಾಧಾರಣ ಮಾದರಿ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 280 ಗ್ರಾಂ ತೂಗುತ್ತಿತ್ತು.

ಶಿರಸಿಯಲ್ಲಿ ಇದನ್ನು ಕೊಳ್ಳುವುದೇ ಒಂದು ಕೆಲಸ. ಐದು ರಸ್ತೆ ವೃತ್ತದ ಆಸುಪಾಸಿನಲ್ಲಿ ಬೈಕ್ ಹೆಲ್ಮೆಟ್ ಬೇಕಾದಷ್ಟು ಸಿಗುತ್ತವೆ. ಸೈಕಲ್ಲಿನದು ಕೇಳಿದರೆ ಅಂಗಡಿಯವರು ಅಟ್ಟದ ಮೇಲಿಂದ ಧೂಳು ಹಿಡಿದ ಡಬ್ಬ ಇಳಿಸುತ್ತಾರೆ. ಕಾನೂನಿನಲ್ಲಿ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ, ಮೋಟಾರು ವಾಹನ ಕಾಯ್ದೆಯ ನಿಯಮ ಇರುವುದು ಎಂಜಿನ್ ಇರುವ ದ್ವಿಚಕ್ರ ವಾಹನಗಳಿಗೆ. ಆದ್ದರಿಂದ ಕೇಳುವವರೂ ಇಲ್ಲ, ಇಡುವವರೂ ಇಲ್ಲ. “ಅಕ್ಕೋರೇ, ಬೈಕಿನದನ್ನೇ ಸಣ್ಣದು ಒಂದು ಕೊಡುತ್ತೇನೆ, ಗಟ್ಟಿ ಬರುತ್ತದೆ” ಎಂದು ಒಂದು ಅಂಗಡಿಯವರು ಹೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಷ್ಟು ಭಾರವನ್ನು ಹನ್ನೆರಡು ವರ್ಷದ ಮಗುವಿನ ಕತ್ತಿನ ಮೇಲೆ ಹೊರಿಸಿ ಏರು ಹತ್ತಿಸಲು ಆಗುವುದಿಲ್ಲ. ಎರಡನೆಯ ದಿನವೇ ಅದು ಗೂಟಕ್ಕೆ ಹೋಗುತ್ತದೆ.

ಡಬ್ಬದ ಮೇಲೆ ‘8ರಿಂದ 14 ವರ್ಷ’ ಎಂದು ಬರೆದಿರುತ್ತದೆ. ಅದನ್ನು ದಯವಿಟ್ಟು ನಂಬಬೇಡಿ. ವಯಸ್ಸಿಗೂ ತಲೆಯ ಸುತ್ತಳತೆಗೂ ಅಂಥ ಸಂಬಂಧವೇನೂ ಇಲ್ಲ. ಹೊಲಿಗೆಯ ಟೇಪನ್ನು ಹುಬ್ಬಿನಿಂದ ಎರಡು ಬೆರಳು ಮೇಲೆ, ಕಿವಿಗಳ ಮೇಲ್ಗಡೆಯಿಂದ ಹಾಯಿಸಿ, ಹಿಂತಲೆ ಉಬ್ಬಿರುವಲ್ಲಿ ಸುತ್ತಿ ಅಳೆಯಬೇಕು. ಮಗಳದು 54 ಸೆಂಟಿಮೀಟರ್ ಬಂದಿತ್ತು. 52ರಿಂದ 55ರ ಅಳತೆಯದ್ದು ಅವಳಿಗೆ ಸರಿಯಾಯಿತು. ಅದರ ಮೇಲಿನದ್ದನ್ನು ‘ಬೆಳೆಯುವ ಮಗು’ ಎಂಬ ಲೆಕ್ಕದಲ್ಲಿ ಕೊಂಡಿದ್ದರೆ ಬಿದ್ದ ಹೊತ್ತಿನಲ್ಲಿ ಅದು ಹಿಂದಕ್ಕೆ ಸರಿದು ಹಣೆಯನ್ನು ಬಯಲಿಗೆ ಬಿಡುತ್ತಿತ್ತು. ಸಮವಸ್ತ್ರವನ್ನು ಒಂದು ಅಳತೆ ದೊಡ್ಡದು ಹೊಲಿಸಬಹುದು, ಹೆಲ್ಮೆಟ್ಟನ್ನು ಹಾಗೆ ಕೊಳ್ಳಬಾರದು.

ಜಡೆಯ ವಿಷಯವನ್ನು ಯಾವ ಕಂಪನಿಯೂ ಬರೆಯುವುದಿಲ್ಲ. ನಮ್ಮ ಹೆಣ್ಣುಮಕ್ಕಳು ನೆತ್ತಿಯ ಹಿಂದೆ ಎತ್ತರಕ್ಕೆ ಕಟ್ಟಿದ ಒಂಟಿ ಜಡೆಯಲ್ಲಿ ಹೆಲ್ಮೆಟ್ ಹಾಕಿಕೊಂಡರೆ ಅದು ಮುಂದಕ್ಕೆ ಬಾಗಿ ಕಣ್ಣಿನ ಮೇಲೆ ಬರುತ್ತದೆ. ಕತ್ತಿನ ಹತ್ತಿರ ಸಡಿಲವಾಗಿ ಕಟ್ಟಬೇಕು, ಇಲ್ಲವೇ ಎರಡು ಜಡೆ ಹಾಕಬೇಕು. ಹಿಂಬದಿಯ ತಿರುಪು ಜಡೆಯ ಬುಡದಿಂದ ಸ್ವಲ್ಪ ಮೇಲೆ ಕುಳಿತರೆ ಬಿಗಿ ಸರಿಯಾಗಿರುತ್ತದೆ. ನಾವು ಇದನ್ನು ಕಂಡುಕೊಂಡ ಮೇಲೆ ಮಗಳ ಗೊಣಗಾಟ ನಿಂತಿತು.

ನಮ್ಮ ಮನೆಯಲ್ಲಿ ಸೈಕಲ್ಲಿನ ಕಾಲವೆಂದರೆ ಶಿವರಾತ್ರಿಯಿಂದ ಯುಗಾದಿ ಕಳೆದು ಮೊದಲ ಅಡ್ಡಮಳೆ ಬೀಳುವವರೆಗೆ. ಅದಕ್ಕೂ ಮೊದಲು ಅಡಿಕೆ ಕೊಯ್ಲು, ಆಮೇಲೆ ಮಳೆ. ಪತಿಯ ಮೂಲಮನೆ ಭೈರುಂಬೆಯ ಕಡೆ. ಮಕ್ಕಳ ಎರಡು ಸೈಕಲ್ಲುಗಳು ಅಲ್ಲಿಯ ಕೊಟ್ಟಿಗೆಯ ಪಕ್ಕದಲ್ಲೇ ಇರುತ್ತವೆ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಅತ್ತೆ ಮಾಡಿದ ತೆಳ್ಳೇವು ತಿಂದು, ಬಿಸಿಲೇರುವ ಮುಂಚೆ ಹೊರಡುತ್ತೇವೆ. ಮಾರಿಕಾಂಬಾ ಜಾತ್ರೆ ಬರುವ ವರ್ಷ ಬಿಡಕಿಬೈಲು, ದೇವಿಕೆರೆಯ ಕಡೆಯೆಲ್ಲ ಜನವೋ ಜನ. ಊರೊಳಗೆ ಮಕ್ಕಳು ಸೈಕಲ್ ತುಳಿಯುವ ಮಾತೇ ಇಲ್ಲ. ಆಗ ಹಳ್ಳಿಯ ಒಳರಸ್ತೆಗಳೇ ಗತಿ, ಅವೇ ಚೆಂದ ಕೂಡ.

ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಅರಳುತ್ತದೆ. ಸುರಗಿ ಮರದ ಕೆಳಗೆ ನಿಂತರೆ ಸಾಕು, ಮೇಲೆ ಜೇನಿನ ಮೊರೆತ, ಕೆಳಗೆ ಉದುರಿದ ಹೂವಿನ ಪರಿಮಳ. ಆಲೆಮನೆ ನಡೆಯುತ್ತಿದ್ದರೆ ಕಬ್ಬಿನ ಹಾಲಿಗೆ ಲಿಂಬೆಹಣ್ಣು ಹಿಂಡಿ ಲೋಟದ ಮೇಲೆ ಲೋಟ; ಮಗನಿಗೆ ಬಿಸಿ ನೊರೆಬೆಲ್ಲವನ್ನು ಬಾಳೆಲೆಯ ಚೂರಿನಲ್ಲಿ ನೆಕ್ಕುವ ಹುಚ್ಚು. ಸಹಸ್ರಲಿಂಗಕ್ಕೆ ಹೋಗುವುದು ಶಿವರಾತ್ರಿಯ ಜಂಗುಳಿ ಕರಗಿದ ಮೇಲೆ. ಶಾಲ್ಮಲೆಯ ನೀರು ಇಳಿದು, ಸೋಂದೆಯ ಸದಾಶಿವರಾಯನ ಕಾಲದಲ್ಲಿ ಕೆತ್ತಿಸಿದ ಲಿಂಗಗಳು, ನಂದಿಗಳು ಬಂಡೆಬಂಡೆಯ ಮೇಲೂ ಎದ್ದು ಕಾಣುವ ಹೊತ್ತು ಅದು. ಸೈಕಲ್ಲನ್ನು ಮೇಲೆಯೇ ಬಿಟ್ಟು ಮಕ್ಕಳು ತೂಗುಸೇತುವೆಯತ್ತ ಓಡುತ್ತಾರೆ.

ಬನವಾಸಿಗೆ ಹೋದಾಗ ಮಾತ್ರ ಪರಿಚಯದವರ ಪಿಕಪ್ ಗಾಡಿಯಲ್ಲಿ ಸೈಕಲ್ ಹೇರಿಕೊಂಡು ಹೋಗಿದ್ದೆವು. ಮಧುಕೇಶ್ವರ ದೇವಾಲಯ ನೋಡಿ, ಅನಾನಸ್ ಗದ್ದೆಗಳ ನಡುವೆ ಗುಡ್ನಾಪುರದ ಕೆರೆಯವರೆಗೆ ತುಳಿದೆವು. ಅಲ್ಲಿಯ ಬಿಸಿಲು ನಮ್ಮ ತೋಟದ ಸೀಮೆಯ ಬಿಸಿಲಲ್ಲ, ನೆತ್ತಿ ಸುಡುತ್ತದೆ. ಹೆಲ್ಮೆಟ್ಟಿನ ಗಾಳಿಕಿಂಡಿಗಳಿಗೆ ನಾನು ಪೂರ್ತಿ ಅಂಕ ಕೊಟ್ಟದ್ದು ಅಂದೇ. ತುಳಿಯುತ್ತಿರುವಾಗ ಗಾಳಿ ಒಳಗೆ ಹಾಯುತ್ತದೆ, ನಿಂತಾಗ ಮಾತ್ರ ಸೆಕೆ. ಮುಂಭಾಗದ ಕಿಂಡಿಗಳಿಗೆ ಸಣ್ಣ ಬಲೆ ಇರುವುದು ಇನ್ನೊಂದು ಒಳ್ಳೆಯ ಸಂಗತಿ; ಮಾವು, ಗೇರು ಹೂ ಬಿಡುವ ಕಾಲದಲ್ಲಿ ಜೇನುನೊಣ ಕಿಂಡಿಯೊಳಗೆ ಸಿಕ್ಕಿಕೊಂಡರೆ ಮಗು ಕೈ ಬಿಟ್ಟುಬಿಡುತ್ತದೆ.

ಘಟ್ಟ ಇಳಿದು ಸಾಣಿಕಟ್ಟೆಗೂ ಹೋಗಿದ್ದೆವು. ಬೇಸಿಗೆಯಲ್ಲಿ ಅಘನಾಶಿನಿಯ ಅಳಿವೆಯ ಬದಿಯ ಉಪ್ಪಿನ ಆಗರಗಳಲ್ಲಿ ಉಪ್ಪು ಎಳೆದು ರಾಶಿ ಹಾಕುವ ಕೆಲಸ ನಡೆದಿರುತ್ತದೆ. ಏರಿಲ್ಲ, ಇಳಿತವಿಲ್ಲ, ಚಿಕ್ಕವರಿಗೆ ಅಂಥ ಜಾಗ ಇನ್ನೊಂದಿಲ್ಲ. ಆದರೆ ಕರಾವಳಿಯ ಬೆವರಿನಲ್ಲಿ ಈ ಹೆಲ್ಮೆಟ್ಟಿನ ದೊಡ್ಡ ದೋಷ ಹೊರಬಿತ್ತು. ಕಿವಿಯ ಕೆಳಗೆ ಎರಡು ಪಟ್ಟಿಗಳು ಕೂಡುವಲ್ಲಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ. ಪಟ್ಟಿ ಒದ್ದೆಯಾದರೆ ಅದು ಮೆಲ್ಲಗೆ ಜಾರುತ್ತದೆ. ಬೆಳಿಗ್ಗೆ ಗಲ್ಲದ ಕೆಳಗೆ ಒಂದು ಬೆರಳು ಹಿಡಿಯುವಷ್ಟು ಬಿಗಿ ಮಾಡಿದ್ದು ಮಧ್ಯಾಹ್ನದ ಹೊತ್ತಿಗೆ ಮೂರು ಬೆರಳಿನ ಸಡಿಲಕ್ಕೆ ಬಂದಿತ್ತು. ಅಂದಿನಿಂದ ಪ್ರತಿ ನಿಲುಗಡೆಯಲ್ಲೂ ಇಬ್ಬರ ಪಟ್ಟಿಯನ್ನೂ ಎಳೆದು ನೋಡುವುದು ನನ್ನ ಅಭ್ಯಾಸವಾಯಿತು. ಅತ್ತೆ ಮೊದಮೊದಲು “ಕೊಟ್ಟಿಗೆಗೆ ಹೋಗುವಾಗಲೂ ಹಾಕಿಸುತ್ತೀಯೇನೆ ಅದನ್ನು?” ಎಂದು ಕೇಳಿದ್ದುಂಟು. ನಾನು ಉತ್ತರ ಕೊಡಲಿಲ್ಲ, ಪಟ್ಟಿ ನೋಡುವುದನ್ನು ಬಿಡಲೂ ಇಲ್ಲ.

ಈಗ ಬಿದ್ದ ದಿನದ ವಿಷಯ.

ಮಾರ್ಚ್ ಎಂದರೆ ಕಾಡು ಎಲೆ ಉದುರಿಸುವ ಕಾಲ. ಸೊಪ್ಪಿನಬೆಟ್ಟದ ನಡುವಿನ ರಸ್ತೆಗಳ ಮೇಲೆ ದರಕು, ಅಂದರೆ ಒಣಗಿ ಉದುರಿದ ಎಲೆ, ಹಾಸಿರುತ್ತದೆ. ಕೊಟ್ಟಿಗೆಗೆ ಹಾಸಲು ಹೆಂಗಸರು ಅದನ್ನು ಗುಡಿಸಿ ಬುಟ್ಟಿ ತುಂಬಿ ಒಯ್ಯುತ್ತಾರೆ. ಗುಡಿಸಿದಲ್ಲಿ ಡಾಂಬರು ಕಾಣುತ್ತದೆ, ಗುಡಿಸದೆ ಉಳಿದಲ್ಲಿ ಎಲೆಯ ಕೆಳಗೆ ಏನಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ತಿರುವಿನಲ್ಲಿ ಎಲೆಯ ಕೆಳಗೆ ಸಡಿಲವಾದ ಜಲ್ಲಿ ಕಡಿ ಇತ್ತು. ಪತಿ ಮುಂದೆ, ಮಗಳು ನಡುವೆ, ನಾನು ಮಗನ ಜೊತೆ ಹಿಂದೆ ನಡೆದು ಬರುತ್ತಿದ್ದೆ. ವೇಗವೇನೂ ಇರಲಿಲ್ಲ. ಮುಂದಿನ ಚಕ್ರ ಎಡಕ್ಕೆ ಜಾರಿತು, ಸೈಕಲ್ ಅಡ್ಡ ಮಲಗಿತು, ಅವಳ ತಲೆಯ ಎಡಭಾಗ ಮೋರಿಯ ಕಟ್ಟೆಯ ಅಂಚಿಗೆ ಬಡಿಯಿತು.

ಆ ಸದ್ದು. ತೆಂಗಿನಕಾಯಿ ಒಡೆದ ಸದ್ದು ಎಂದು ನನ್ನ ಕಿವಿ ಕೇಳಿತು. ಅಲ್ಲಿಂದ ಅವಳವರೆಗೆ ಓಡಿದ್ದು ನನಗೆ ನೆನಪಿಲ್ಲ.

ಕಣ್ಣು ತೆರೆದೇ ಇತ್ತು. “ಆಯಿ, ನನ್ನ ಚಪ್ಪಲಿ ಎಲ್ಲಿ?” ಎಂದಳು. ಇಲ್ಲೇ ಇದೆ ಮಗಾ ಎಂದು ತೋರಿಸಿದೆ. ತುಸು ಹೊತ್ತಿಗೆ ಮತ್ತೆ, “ಆಯಿ, ನನ್ನ ಚಪ್ಪಲಿ ಎಲ್ಲಿ?” ಮತ್ತೆ ಹೇಳಿದೆ. ಮತ್ತೆ ಅದೇ ಪ್ರಶ್ನೆ, ಅದೇ ದನಿಯಲ್ಲಿ. ರಕ್ತ ಕಂಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಹೇಳಿದ್ದು ಅವಳೊಳಗೆ ನಿಲ್ಲುತ್ತಿಲ್ಲ ಎಂದು ಗೊತ್ತಾದಾಗ ನನ್ನ ಕೈಕಾಲು ತಣ್ಣಗಾದವು. ಮಗ ಅಳುವುದನ್ನೂ ಮರೆತು ನಿಂತಿದ್ದ.

ಬೆಟ್ಟದಲ್ಲಿ ದರಕು ಗುಡಿಸುತ್ತಿದ್ದ ಒಬ್ಬರು ಹೆಂಗಸು ಬುಟ್ಟಿ ಅಲ್ಲೇ ಬಿಟ್ಟು ಇಳಿದು ಬಂದರು. “ಅಕ್ಕೋರೇ, ಎತ್ತಬೇಡಿ. ಹಾಗೇ ಮಲಗಿರಲಿ. ಕುತ್ತಿಗೆ ಅಲುಗಿಸಬೇಡಿ” ಎಂದರು. ಅವರು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಮಗಳ ಮುಖಕ್ಕೆ ಬಿಸಿಲು ಬೀಳದಂತೆ ತಮ್ಮ ತಲೆವಸ್ತ್ರ ಹಿಡಿದು ನಿಂತರು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಪತಿ ದಿಬ್ಬ ಹತ್ತಿ ಹೋಗಿ 108ಕ್ಕೆ ಕರೆ ಮಾಡಿದರು. ಅದು ಬರುವ ಮೊದಲೇ ಮೇಲಿನ ಮನೆಯವರು ತಮ್ಮ ಓಮ್ನಿ ಕಾರು ತಂದರು. ಕತ್ತು ನೋವಿಲ್ಲ, ಕೈಕಾಲು ಬೆರಳೆಲ್ಲ ಆಡುತ್ತವೆ ಎಂದು ಖಾತ್ರಿಯಾದ ಮೇಲೆ, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶಿರಸಿಗೆ ಬಂದೆವು. ದಾರಿಯಲ್ಲಿ ಒಮ್ಮೆ ವಾಂತಿಯಾಯಿತು. ಶಾಲೆಯ ದಾರಿ, ತಮ್ಮನ ಹೆಸರು, ಅಂದು ತಿಂದ ತಿಂಡಿ ಎಂದು ಕೇಳುತ್ತಲೇ ಇದ್ದೆ. ಊರು ಹತ್ತಿರವಾದಂತೆ ಉತ್ತರಗಳು ಒಂದೊಂದಾಗಿ ಸರಿಯಾಗಿ ಬರತೊಡಗಿದವು.

ತಲೆಯ ಸ್ಕ್ಯಾನ್‌ನಲ್ಲಿ ರಕ್ತಸ್ರಾವವಿಲ್ಲ, ಎಲುಬು ಒಡೆದಿಲ್ಲ. ಮಿದುಳಿಗೆ ಅಲುಗಾಟದ ಪೆಟ್ಟು, ಎಡ ಮಣಿಕಟ್ಟಿನ ಮೂಳೆಯಲ್ಲಿ ಬಿರುಕು. ರಾತ್ರಿ ಅಲ್ಲೇ ಉಳಿಸಿಕೊಂಡು, ಆಗಾಗ ಎಬ್ಬಿಸಿ ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡಿದರು. ಮನೆಗೆ ಕಳಿಸುವಾಗ ವೈದ್ಯರು ಹೇಳಿದ್ದನ್ನು ಎಲ್ಲ ಪಾಲಕರೂ ತಿಳಿದಿರಲಿ ಎಂದು ಬರೆಯುತ್ತೇನೆ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಮಾತಿನ ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು. ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬರಬೇಕು. ಮೊದಲ ಎರಡು ದಿನ ಕಣ್ಣಿಟ್ಟು ಕಾಯಬೇಕು. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರು, “ಇದನ್ನು ಇಟ್ಟುಕೊಳ್ಳಿ, ಆದರೆ ಇನ್ನು ತಲೆಗೆ ಹಾಕಬೇಡಿ” ಎಂದರು.

ಹಾಕಬಾರದು ಏಕೆ ಎಂಬುದೇ ಈ ವಸ್ತುವಿನ ತಿರುಳು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು. ಮಗಳು ಮಲಗಿದ ಮೇಲೆ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಹೊರಗಿನ ತೆಳು ಪ್ಲಾಸ್ಟಿಕ್ ಕವಚದ ಮೇಲೆ ಎಡಗಡೆ ಅಂಗೈಯಷ್ಟು ಅಗಲ ತರಚಿತ್ತು, ಅದರೊಳಗೆ ಕೆಂಪು ಮಣ್ಣು. ಒಳಗಿನ ಮೆತ್ತೆಗಳನ್ನು ಕಿತ್ತಾಗ ಥರ್ಮಾಕೋಲಿನ ಪದರದಲ್ಲಿ ಗಾಳಿಕಿಂಡಿಯಿಂದ ಕೆಳ ಅಂಚಿನವರೆಗೆ ಒಂದು ಸೀಳು ಕಂಡಿತು. ಸೀಳಿನ ಪಕ್ಕದಲ್ಲಿ ಕಾಳುಗಳು ಅಪ್ಪಚ್ಚಿಯಾಗಿ ಹೊಳೆಯುತ್ತಿದ್ದವು. ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಬಲಗಡೆ 25 ಮಿಲಿಮೀಟರ್ ದಪ್ಪ, ಎಡಗಡೆ ಪೆಟ್ಟು ಬಿದ್ದಲ್ಲಿ 19. ಒತ್ತಿದ ಥರ್ಮಾಕೋಲ್ ಸ್ವಲ್ಪ ಮರಳಿ ಉಬ್ಬುತ್ತದೆ, ಆದ್ದರಿಂದ ಬಡಿದ ಕ್ಷಣದಲ್ಲಿ ಇನ್ನೂ ಹೆಚ್ಚು ತಗ್ಗಿರಲೇಬೇಕು.

ಒಂಬತ್ತನೆಯ ತರಗತಿಯ ಚಲನೆಯ ಸಮೀಕರಣವೇ ಇದಕ್ಕೆ ಸಾಕು. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 5.4 ಮೀಟರ್ ವೇಗದಲ್ಲಿರುತ್ತದೆ. ಆ ವೇಗ ಬರಿಯ ಎರಡು ಮಿಲಿಮೀಟರ್ ದೂರದಲ್ಲಿ ನಿಂತುಹೋದರೆ ತಲೆಯ ಮೇಲಿನ ಎಳೆತ, ಅಂದರೆ ಅದರ ವೇಗ ತಗ್ಗುವ ದರ, ಸರಾಸರಿಯಲ್ಲಿ ಗುರುತ್ವದ ವೇಗೋತ್ಕರ್ಷದ 750 ಪಟ್ಟು. ಅದೇ ಹದಿನೈದು ಮಿಲಿಮೀಟರ್ ದೂರದಲ್ಲಿ ನಿಂತರೆ ನೂರು ಪಟ್ಟು. ಆ ಹದಿಮೂರು ಮಿಲಿಮೀಟರ್ ಕೊಡುವುದೇ ಹೆಲ್ಮೆಟ್ಟಿನ ಕೆಲಸ. ಇಎನ್ 1078 ಎಂಬ ಯುರೋಪಿನ ಮಾನದಂಡದ ಪರೀಕ್ಷೆಯಲ್ಲಿ ತಲೆಯ ಆಕಾರದ ಭಾರಕ್ಕೆ ಹೆಲ್ಮೆಟ್ ತೊಡಿಸಿ ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ ಚಪ್ಪಟೆ ಅಡಿಗಲ್ಲಿನ ಮೇಲೆ ಕೆಡವುತ್ತಾರೆ. ಒಳಗಿನ ಭಾರದ ಮೇಲಿನ ಎಳೆತ ಗುರುತ್ವದ 250 ಪಟ್ಟನ್ನು ಮೀರಕೂಡದು. ರಸ್ತೆ ಬದಿಯ ಕಟ್ಟೆಯಂಥ ಅಂಚಿನ ಮೇಲೂ 4.57 ಮೀಟರ್ ವೇಗದಲ್ಲಿ ಕೆಡವುವ ಪರೀಕ್ಷೆಯಿದೆ. ನನ್ನ ಮಗಳಿಗೆ ತಗಲಿದ್ದು ಹೆಚ್ಚುಕಡಿಮೆ ಅಂಥದೇ ಅಂಚು. ಕಾರು, ಲಾರಿ ಬಂದು ಗುದ್ದುವ ಪೆಟ್ಟನ್ನು ಲೆಕ್ಕಕ್ಕೆ ಹಿಡಿದ ಪರೀಕ್ಷೆ ಇದಲ್ಲ, ಆ ಭರವಸೆಯನ್ನು ಇದರ ಮೇಲೆ ಇಡಬಾರದು.

ಹೀಗೆ ಕುಗ್ಗಿದ ಕಾಳುಗಳು ಇನ್ನೊಮ್ಮೆ ಕುಗ್ಗುವುದಿಲ್ಲ. ಹೊರಗೆ ಬರಿಯ ಗೀರು ಕಂಡರೂ ಒಳಗೆ ಕೆಲಸ ಮುಗಿದಿರುತ್ತದೆ. ಅಣ್ಣನ ಹೆಲ್ಮೆಟ್ ತಮ್ಮನಿಗೆ, ಪಕ್ಕದ ಮನೆಯವರದು ನಮಗೆ ಎಂದು ದಾಟಿಸುವ ಮುನ್ನ ಮೆತ್ತೆ ಕಿತ್ತು ಒಳಪದರ ನೋಡಿ. ಸೀಮೆಎಣ್ಣೆ, ಪೆಟ್ರೋಲ್, ಪೇಂಟ್ ತಾಗಿಸಬೇಡಿ. ಅವು ಥರ್ಮಾಕೋಲನ್ನು ತಿನ್ನುತ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಮೆತ್ತೆಗೆ ಬೂಷ್ಟು ಬರುತ್ತದೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೇರಿ ವಾಸನೆಯೂ ಬರುತ್ತದೆ. ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಹೋಗುತ್ತದೆ. ಹಳೆಯದರ ಕಿಂಡಿಯೊಂದರಲ್ಲಿ ಕುಂಬಾರಹುಳು ಮಣ್ಣಿನ ಗೂಡು ಕಟ್ಟಿತ್ತು. ಆದ್ದರಿಂದ ಗೂಟಕ್ಕೆ ನೇತು ಹಾಕುವ ಬದಲು ಬಟ್ಟೆಯ ಚೀಲದಲ್ಲಿ ಇಡುವುದು ಒಳ್ಳೆಯದು.

ಅರ್ಧ ಅಂಕ ಕಳೆದದ್ದು ಜಾರುವ ಆ ಬಿಲ್ಲೆಗೆ. ಡಬ್ಬದೊಳಗಿನ ಸೂಚನೆ ಎಂಟು ಹತ್ತು ಭಾಷೆಗಳಲ್ಲಿದೆ, ಕನ್ನಡದಲ್ಲಿ ಮಾತ್ರ ಇಲ್ಲ. ಇದು ನನಗೆ ನಿಜಕ್ಕೂ ನೋವು ತಂದ ಸಂಗತಿ, ಏಕೆಂದರೆ ಪೆಟ್ಟು ಬಿದ್ದ ಮೇಲೆ ಬದಲಿಸಬೇಕು ಎಂಬ ಮುಖ್ಯ ಮಾತು ಅದರೊಳಗೇ ಅಡಗಿದೆ. ಕಂಪನಿಗೆ ಒಂದು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ನಮ್ಮ ಶಾಲೆಗೆ ಸೈಕಲ್ಲಿನಲ್ಲಿ ಬರುವ ಮಕ್ಕಳಿಗಾಗಿ ಆ ಸೂಚನೆಯನ್ನು ಒಂದು ಪುಟದಲ್ಲಿ ಕನ್ನಡಕ್ಕೆ ಇಳಿಸಿ ಫಲಕಕ್ಕೆ ಹಚ್ಚಿದ್ದೇನೆ, ಒಡೆದ ಹೆಲ್ಮೆಟ್ಟನ್ನೂ ಅದರ ಕೆಳಗೆ ಇಟ್ಟಿದ್ದೇನೆ. ಮಕ್ಕಳು ಬೆರಳಿಟ್ಟು ಸೀಳನ್ನು ಮುಟ್ಟಿ ನೋಡುತ್ತಾರೆ.

ಮಣಿಕಟ್ಟಿನ ಪ್ಲಾಸ್ಟರ್ ತೆಗೆದು, ತಲೆನೋವು ಪೂರ್ತಿ ಹೋಗಿ, ವೈದ್ಯರು ಒಪ್ಪಿದ ಮೇಲೆ ಮಗಳು ಮತ್ತೆ ಸೈಕಲ್ ಹತ್ತಿದ್ದಾಳೆ. ಮೊದಲು ಅಂಗಳದಲ್ಲಿ, ಆಮೇಲೆ ಊರ ಸಪಾಟು ರಸ್ತೆಯಲ್ಲಿ. ದರಕು ಹಾಸಿದ ತಿರುವು ಬಂದರೆ ತಾನಾಗಿಯೇ ಇಳಿದು ತಳ್ಳಿಕೊಂಡು ಹೋಗುತ್ತಾಳೆ. ಅವಳಿಗೆ ಅದೇ ಮಾದರಿಯ ಹೊಸದನ್ನೇ ಕೊಂಡೆವು, ಈ ಸಲ ಬಿಲ್ಲೆಯ ಕೆಳಗೆ ಪಟ್ಟಿಗೆ ನಾಲ್ಕು ಹೊಲಿಗೆ ಹಾಕಿ ಜಾರದಂತೆ ಮಾಡಿದ್ದೇನೆ.

ಕೊಳ್ಳುವವರಿಗೆ ಒಂದು ಮಾತು. ಶಿರಸಿಯ ಅಂಗಡಿಗಳಲ್ಲಿ ಹೆಚ್ಚಾಗಿ ಒಂದೇ ಅಳತೆ ಇಟ್ಟಿರುತ್ತಾರೆ, ಉಳಿದದ್ದನ್ನು ಹುಬ್ಬಳ್ಳಿಯಿಂದ ತರಿಸಿಕೊಡುತ್ತಾರೆ. ಮಗುವಿನ ವಯಸ್ಸು ಹೇಳಬೇಡಿ, ಸೆಂಟಿಮೀಟರ್ ಹೇಳಿ. ಮುಂಗಡ ಕೊಡುವಾಗ, ತಲೆಗೆ ಕೂರದಿದ್ದರೆ ವಾಪಸು ತೆಗೆದುಕೊಳ್ಳಬೇಕು ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.